ಅಕ್ಷರ ಉಳಿಸಿದರೆ ಅರ್ಥ ಉಳಿದೀತೇ?

2012ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಲೆವೆಸನ್ ವಿಚಾರಣೆ ನಡೆಯುತ್ತಿತ್ತು. ಪತ್ರಿಕೆಗಳ ನಡತೆಯನ್ನು ಕುರಿತ ಆ ಗಂಭೀರ ವಿಚಾರಣೆಯ ನಡುವೆ ಸಭೆಯಲ್ಲಿ ನಗೆ ಎದ್ದ ಪ್ರಸಂಗವೊಂದಿದೆ. ಆಗಿನ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ತಮ್ಮ ಕಿರುಸಂದೇಶಗಳ ಕೊನೆಯಲ್ಲಿ ಏನೆಂದು ಬರೆಯುತ್ತಿದ್ದರು ಎಂಬ ಪ್ರಶ್ನೆಗೆ ಪತ್ರಿಕಾ ಸಂಸ್ಥೆಯ ಮಾಜಿ ಮುಖ್ಯಸ್ಥೆ ರೆಬೆಕಾ ಬ್ರೂಕ್ಸ್ ಉತ್ತರಿಸಿದರು. ಹೆಚ್ಚಾಗಿ ಹೆಸರಿನ ಮೊದಲಕ್ಷರಗಳಾದ ‘ಡಿಸಿ’, ಕೆಲವೊಮ್ಮೆ ‘ಎಲ್‌ಓಎಲ್’. ಪ್ರಧಾನಿಯವರು ಅದನ್ನು ‘ಲಾಟ್ಸ್ ಆಫ್ ಲವ್’, ಅಂದರೆ ತುಂಬು ಪ್ರೀತಿಯಿಂದ ಎಂದು ತಿಳಿದಿದ್ದರಂತೆ. ಅದು ‘ಲಾಫಿಂಗ್ ಔಟ್ ಲೌಡ್’, ಗಟ್ಟಿಯಾಗಿ ನಗುತ್ತಿದ್ದೇನೆ ಎಂದು ತಿಳಿಸಿದ ಮೇಲೆ ಹಾಗೆ ಬರೆಯುವುದನ್ನು ಬಿಟ್ಟರಂತೆ.

ಪ್ರಧಾನಿಗೆ ಆದದ್ದು ತಮಾಷೆಯಾಗಿ ಮುಗಿಯಿತು. ಆದರೆ ಸಾವಿನ ಸುದ್ದಿಗೆ ಯಾರಾದರೂ ಇದೇ ಮೂರಕ್ಷರವನ್ನು ಪ್ರೀತಿ ಎಂದೇ ತಿಳಿದು ಬರೆದರೆ? ಓದುವವರ ಕಣ್ಣಿಗೆ ಅದು ನಗು. ಬರೆದವರ ಮನಸ್ಸಿನಲ್ಲಿದ್ದುದು ಸಂತಾಪ. ಎರಡರ ನಡುವೆ ಇರುವುದು ಮೂರೇ ಮೂರು ಅಕ್ಷರ.

ಅಂತರ್ಜಾಲದಲ್ಲಿ, ಮೊಬೈಲಿನಲ್ಲಿ ಇಂಥ ಸಂಕ್ಷೇಪಗಳು ಇಂದು ಲೆಕ್ಕವಿಲ್ಲದಷ್ಟು. ಮಕ್ಕಳು ಬರೆದದ್ದು ತಂದೆ ತಾಯಿಗೆ ಅರ್ಥವಾಗದು. ಬ್ಯಾಂಕು ಬರೆದದ್ದು ಇಬ್ಬರಿಗೂ ಪೂರ್ತಿ ತಿಳಿಯದು. ಇವು ಭಾಷೆಯನ್ನು ಕೆಡಿಸುತ್ತಿವೆ ಎಂದು ಸಿಡುಕುವವರಿದ್ದಾರೆ. ಕಾಲದ ಧರ್ಮ ಎಂದು ಸುಮ್ಮನಾಗುವವರೂ ಇದ್ದಾರೆ. ಇವು ಎಲ್ಲಿಂದ ಬಂದವು, ಹೇಗೆ ಕೆಲಸ ಮಾಡುತ್ತವೆ ಎಂದು ನೋಡಿದರೆ ಎರಡೂ ಮಾತು ಅರ್ಧ ಸತ್ಯ ಎಂದು ತಿಳಿಯುತ್ತದೆ.

ಮೂರು ಬಗೆಯ ಗಂಟು

ಈ ಸಂಕ್ಷೇಪಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಪದಗಳ ಮೊದಲಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುವುದು. ‘ಬೈ ದ ವೇ’ ಎಂಬುದು ‘ಬಿಟಿಡಬ್ಲ್ಯು’ ಆದದ್ದು ಹೀಗೆ. ಎರಡನೆಯದು, ಸ್ವರಗಳನ್ನು ಕಿತ್ತು ವ್ಯಂಜನಗಳನ್ನಷ್ಟೇ ಬಿಡುವುದು. ‘ಪ್ಲೀಸ್’ ಎಂಬುದಕ್ಕೆ ‘ಪಿಎಲ್‌ಎಸ್’ ಎಂದಿಷ್ಟೇ ಬರೆದರೂ ಇಂಗ್ಲಿಷ್ ಓದುಗನ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಮೂರನೆಯದು, ಅಕ್ಷರದ ಅಥವಾ ಅಂಕಿಯ ಹೆಸರನ್ನೇ ಉಚ್ಚಾರವಾಗಿ ಬಳಸುವುದು. ‘ಬಿ’ ಅಕ್ಷರದ ಮುಂದೆ 4 ಇಟ್ಟರೆ ‘ಬಿಫೋರ್’, ‘ಎಲ್’ ಅಕ್ಷರದ ಮುಂದೆ 8 ಇಟ್ಟರೆ ‘ಲೇಟ್’. ಚಿತ್ರವನ್ನೋ ಅಂಕಿಯನ್ನೋ ನೋಡಿ ಧ್ವನಿಯನ್ನು ಓದುವ ಈ ಆಟ ಮಕ್ಕಳ ಒಗಟಿನಷ್ಟೇ ಹಳೆಯದು.

ಮೂರರಲ್ಲೂ ಒಂದು ಸಂಗತಿ ಸಮಾನ. ಬರೆಯುವವರು ಮಾತನ್ನು ಗಂಟು ಕಟ್ಟುತ್ತಾರೆ. ಬಿಚ್ಚುವ ಕೆಲಸ ಓದುವವರದು. ಗಂಟಿನ ಬಗೆ ಇಬ್ಬರಿಗೂ ಗೊತ್ತಿದ್ದರೆ ಕ್ಷಣದಲ್ಲಿ ಬಿಚ್ಚುತ್ತದೆ. ಗೊತ್ತಿಲ್ಲದಿದ್ದರೆ ಬರೆದವರ ಉಳಿತಾಯವೆಲ್ಲ ಓದುವವರ ಖರ್ಚಾಗುತ್ತದೆ.

ರೋಮಿನ ಗೋರಿಯಿಂದ ಬಾಸ್ಟನ್ ಪತ್ರಿಕೆಗೆ

ಗಂಟು ಕಟ್ಟುವ ಈ ಚಾಳಿ ಕಂಪ್ಯೂಟರ್ ತಂದದ್ದಲ್ಲ. ಪ್ರಾಚೀನ ರೋಮನ್ನರು ಕಲ್ಲಿನಲ್ಲಿ ಕೊರೆಯುವಾಗ ಅಕ್ಷರ ಉಳಿಸುತ್ತಿದ್ದರು. ಅವರ ಗೋರಿಕಲ್ಲುಗಳ ಮೇಲೆ ‘ಡಿ.ಎಂ.’ ಎಂಬ ಎರಡಕ್ಷರ ಸಾವಿರಾರು ಕಡೆ ಸಿಗುತ್ತದೆ. ‘ಡಿಸ್ ಮಾನಿಬಸ್’, ಅಗಲಿದ ಆತ್ಮಗಳಿಗೆ ಅರ್ಪಿತ ಎಂದು ಅದರ ಅರ್ಥ. ಇಂದಿನ ತರುಣರು ‘ಡಿಎಂ ಮಾಡಿ’ ಎಂದರೆ ‘ಡೈರೆಕ್ಟ್ ಮೆಸೇಜ್’, ಅಂದರೆ ನಾಲ್ಕು ಜನರ ಮುಂದೆ ಬೇಡ, ನೇರವಾಗಿ ನನಗೆ ಬರೆಯಿರಿ ಎಂದು. ಅಕ್ಷರ ಅವೇ. ಅರ್ಥ ಗೋರಿಯಿಂದ ಹರಟೆಗೆ ಬಂದಿದೆ.

ರೋಮನ್ನರ ಪತ್ರಗಳೂ ಇದಕ್ಕೆ ಹೊರತಲ್ಲ. ‘ನೀನು ಕ್ಷೇಮವಾಗಿದ್ದರೆ ಸರಿ, ನಾನು ಕ್ಷೇಮ’ ಎಂದು ಪತ್ರ ಆರಂಭಿಸುವುದು ಅಲ್ಲಿನ ಪದ್ಧತಿ. ಎಲ್ಲರೂ ಅದನ್ನೇ ಬರೆಯುವುದರಿಂದ ಲ್ಯಾಟಿನ್ ವಾಕ್ಯದ ಆರು ಪದಗಳಿಗೆ ಆರು ಮೊದಲಕ್ಷರಗಳನ್ನಿಟ್ಟು ಮುಂದಕ್ಕೆ ಹೋಗುತ್ತಿದ್ದರು. ‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಅಂಚೆ ಕಾರ್ಡಿನ ಮೊದಲ ಸಾಲು ತುಂಬಿಸಿದ ಕನ್ನಡಿಗರಿಗೆ ಇದು ಪರಿಚಿತ ಎನ್ನಿಸದಿರದು.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಂಕ್ಷೇಪ ‘ಓಕೆ’ ಹುಟ್ಟಿದ್ದೂ ತಮಾಷೆಯಿಂದ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಕರ್ತರಲ್ಲಿ ಬೇಕೆಂದೇ ಕಾಗುಣಿತ ತಪ್ಪಿಸಿ, ಆ ತಪ್ಪು ಕಾಗುಣಿತದ ಮೊದಲಕ್ಷರಗಳನ್ನು ಬರೆಯುವ ಹುಚ್ಚು ಹರಡಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ತಪ್ಪಾಗಿ ಬರೆದು ‘ಓ.ಕೆ.’ ಮಾಡಿದರು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಮಾರ್ಟಿನ್ ವ್ಯಾನ್ ಬ್ಯೂರೆನ್ ಬೆಂಬಲಿಗರು, ಆತನ ಊರಿನ ಹೆಸರಿನಿಂದ ಬಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿಗೆ ಅದೇ ‘ಓ.ಕೆ.’ಯನ್ನು ಹೊಂದಿಸಿಕೊಂಡರು. ಚುನಾವಣೆಯಲ್ಲಿ ಅಭ್ಯರ್ಥಿ ಸೋತ, ಅಕ್ಷರಗಳು ಗೆದ್ದವು. ಈ ಮೂಲವನ್ನು 1960ರ ದಶಕದಲ್ಲಿ ಪತ್ತೆ ಹಚ್ಚಿದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು.

‘ಅಯ್ಯೋ ದೇವರೇ’ ಎಂಬರ್ಥದ ‘ಓಎಂಜಿ’ ಕೂಡ ಹದಿಹರೆಯದವರ ಸೃಷ್ಟಿಯಲ್ಲ. ಬ್ರಿಟಿಷ್ ನೌಕಾದಳದ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಜಾನ್ ಫಿಷರ್ 1917ರ ಸೆಪ್ಟೆಂಬರಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಅವರಿಗೆ ಬರೆದ ಪತ್ರದಲ್ಲಿ, ಹೊಸ ಬಿರುದೊಂದು ಬರಲಿದೆಯಂತೆ ಎಂದು ಕುಟುಕುತ್ತ ಈ ಮೂರಕ್ಷರವನ್ನು ಬಳಸಿದ್ದರು. ಆಗ ಅವರಿಗೆ ವಯಸ್ಸು 76. 2011ರ ಮಾರ್ಚಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಓಎಂಜಿ’ ಮತ್ತು ‘ಎಲ್‌ಓಎಲ್’ ಎರಡಕ್ಕೂ ಸ್ಥಾನ ಕೊಟ್ಟಿತು. 1960ರ ಸುಮಾರಿನಲ್ಲಿ ‘ಎಲ್‌ಓಎಲ್’ ಎಂದರೆ ‘ಲಿಟಲ್ ಓಲ್ಡ್ ಲೇಡಿ’, ಅಂದರೆ ಪುಟ್ಟ ಅಜ್ಜಿ ಎಂದೂ ಬಳಕೆಯಿತ್ತೆಂದು ಅದೇ ನಿಘಂಟು ತಿಳಿಸುತ್ತದೆ.

ತಂತಿಯ ಕಾಲದ ಲೆಕ್ಕ

ತಮಾಷೆಗೆ ಹುಟ್ಟಿದ್ದನ್ನು ಅಗತ್ಯವಾಗಿ ಮಾಡಿದ್ದು ತಂತಿ. 1844ರಲ್ಲಿ ಅಮೆರಿಕದಲ್ಲಿ ಮೋರ್ಸ್ ತಂತಿ ಆರಂಭವಾದ ಮೇಲೆ ಪ್ರತಿ ಪದಕ್ಕೂ ಬೆಲೆ ಬಂತು. ತಂತಿ ಗುಮಾಸ್ತರು ತಮ್ಮೊಳಗೆ ‘73’ ಎಂದರೆ ಶುಭಾಶಯ, ‘88’ ಎಂದರೆ ಪ್ರೀತಿ ಮುತ್ತು ಎಂದು ಗೊತ್ತು ಮಾಡಿಕೊಂಡರು. ಹವ್ಯಾಸಿ ರೇಡಿಯೋ ಬಳಗದವರು ಇಂದಿಗೂ ಇವನ್ನು ಬಿಟ್ಟಿಲ್ಲ. 1879ರಲ್ಲಿ ವಾಲ್ಟರ್ ಫಿಲಿಪ್ಸ್ ಎಂಬ ಪತ್ರಕರ್ತ ಸುದ್ದಿ ರವಾನೆಗೆಂದೇ ಒಂದು ಸಂಕ್ಷೇಪ ಕೋಶ ಪ್ರಕಟಿಸಿದ. ಅಮೆರಿಕದ ಅಧ್ಯಕ್ಷರನ್ನು ‘ಪೋಟಸ್’ ಎಂದು, ಅಲ್ಲಿನ ಸುಪ್ರೀಂ ಕೋರ್ಟನ್ನು ‘ಸ್ಕೋಟಸ್’ ಎಂದು ಈಗ ಅಂತರ್ಜಾಲದಲ್ಲಿ ಬರೆಯುವವರು ತಂತಿ ಗುಮಾಸ್ತರ ಸಾಲಗಾರರು.

ಭಾರತದಲ್ಲೂ ತಂತಿ ಎಂದರೆ ಮಾತಿನ ಜಿಪುಣತನವೇ. ಊರಿಗೆ ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿದ್ದ ಕಾಲವದು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ’ ಎಂಬ ನಾಲ್ಕು ಪದದಲ್ಲಿ ಎಷ್ಟೋ ಮನೆಗಳ ದುಃಖ ಅಡಗಿತ್ತು. ದೀಪಾವಳಿ, ಮದುವೆ, ಪರೀಕ್ಷೆಯ ಯಶಸ್ಸು ಮುಂತಾದ ಸಂದರ್ಭಗಳಿಗೆ ತಂತಿ ಕಚೇರಿಯಲ್ಲಿ ಸಿದ್ಧ ವಾಕ್ಯಗಳ ಪಟ್ಟಿಯಿರುತ್ತಿತ್ತು. ಗ್ರಾಹಕರು ಸಂಖ್ಯೆ ಹೇಳಿದರೆ ಸಾಕು; ತಂತಿಯ ಮೇಲೆ ಹೋಗುವುದು ಅಂಕಿ, ಆ ತುದಿಯಲ್ಲಿ ಅದು ಇಡೀ ವಾಕ್ಯವಾಗಿ ವಿಳಾಸದಾರರ ಕೈ ಸೇರುತ್ತಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಗಂಟು ಬಿಚ್ಚುವ ಹೊಣೆ ಇಲಾಖೆಯದಾಗಿತ್ತು, ಓದುವವರದಲ್ಲ. ಈ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು.

ನೂರ ಅರವತ್ತರ ಮಿತಿ

ಮನೆಗಳ ಕಂಪ್ಯೂಟರುಗಳು ದೂರವಾಣಿ ತಂತಿಯ ಮೂಲಕ ಮಾತಾಡಲು ಕಲಿತದ್ದು 1970ರ ದಶಕದ ಕೊನೆಯಲ್ಲಿ. ಆಗಿನ ಮೋಡೆಮ್‌ಗಳು ಸೆಕೆಂಡಿಗೆ ಸುಮಾರು 30 ಅಕ್ಷರ ಸಾಗಿಸುತ್ತಿದ್ದವು. ದೂರವಾಣಿ ಬಿಲ್ಲು ನಿಮಿಷಕ್ಕೆ ಏರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಬೆರಳಚ್ಚು ಮಾತಿನಷ್ಟು ವೇಗವಾಗಿ ಓಡುವುದಿಲ್ಲ. ಎದುರಿನವರು ಕಾಯುತ್ತಿರುತ್ತಾರೆ, ಆದರೆ ಮುಖ ಕಾಣುವುದಿಲ್ಲ. ತಾನು ಹೇಳಿದ್ದು ತಮಾಷೆಗೆ ಎಂದು ತಿಳಿಸುವುದು ಹೇಗೆ? 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ವಿವರಣ ಚಿಹ್ನೆ, ಅಡ್ಡಗೆರೆ ಮತ್ತು ಆವರಣ ಚಿಹ್ನೆಗಳನ್ನು ಜೋಡಿಸಿ ಓರೆಯಾಗಿ ನೋಡಿದರೆ ನಗುಮುಖ ಕಾಣುವಂತೆ ಸೂಚಿಸಿದರು. 1989ರ ಮೇ ತಿಂಗಳ ‘ಫಿಡೋನ್ಯೂಸ್’ ಎಂಬ ಕಂಪ್ಯೂಟರ್ ಬಳಗದ ಸುದ್ದಿಪತ್ರದಲ್ಲಿ ಪ್ರಕಟವಾದ ಸಂಕ್ಷೇಪಗಳ ಪಟ್ಟಿಯಲ್ಲಿ ‘ಎಲ್‌ಓಎಲ್’ ಮತ್ತು ‘ಈಗ ಬಂದೆ’ ಎಂಬರ್ಥದ ‘ಬಿಆರ್‌ಬಿ’ ಕಾಣಸಿಗುತ್ತವೆ.

ಅಷ್ಟರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಮೊಬೈಲ್ ಸಂದೇಶಕ್ಕೆ ಎಷ್ಟು ಅಕ್ಷರ ಸಾಕು ಎಂದು ಲೆಕ್ಕ ಹಾಕುತ್ತಿದ್ದರು. 1985ರ ಸುಮಾರಿನಲ್ಲಿ ಅವರು ವಾಕ್ಯಗಳನ್ನು ಬೆರಳಚ್ಚಿಸಿ ಎಣಿಸಿದರು, ಅಂಚೆ ಕಾರ್ಡುಗಳನ್ನು ನೋಡಿದರು. 160 ಅಕ್ಷರ ಸಾಕೆಂದು ನಿರ್ಧಾರವಾಯಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ನೀಲ್ ಪಾಪ್‌ವರ್ತ್ ಕಂಪ್ಯೂಟರಿನಿಂದ ಮೊಬೈಲಿಗೆ ಮೊದಲ ಕಿರುಸಂದೇಶ ಕಳುಹಿಸಿದರು. ಅದು ಕ್ರಿಸ್‌ಮಸ್ ಶುಭಾಶಯ. ಅದರಲ್ಲಿ ಯಾವ ಸಂಕ್ಷೇಪವೂ ಇರಲಿಲ್ಲ.

ಸಂಕ್ಷೇಪ ಹೆಚ್ಚಿದ್ದು ಮೊಬೈಲಿನ ಗುಂಡಿಗಳಿಂದ. ಎಂಟು ಅಂಕಿಗಳ ಮೇಲೆ 26 ಇಂಗ್ಲಿಷ್ ಅಕ್ಷರಗಳನ್ನು ಹಂಚಿದ್ದ ಆ ಫೋನುಗಳಲ್ಲಿ ‘ಎಲ್’ ಬರಬೇಕಾದರೆ 5ರ ಗುಂಡಿಯನ್ನು ಮೂರು ಸಲ, ‘ಓ’ ಬರಬೇಕಾದರೆ 6ರ ಗುಂಡಿಯನ್ನು ಮೂರು ಸಲ ಒತ್ತಬೇಕು. ‘ಎಲ್‌ಓಎಲ್’ಗೆ ಒಟ್ಟು 9 ಒತ್ತು. ಅದನ್ನೇ ಬಿಡಿಸಿ ಬರೆದರೆ ನಡುವಿನ ಎರಡು ಖಾಲಿ ಜಾಗವೂ ಸೇರಿ 32 ಒತ್ತು. ಹೆಬ್ಬೆರಳು ತಾನಾಗಿ ಜಿಪುಣವಾಯಿತು. ಭಾರತದಲ್ಲಿ ಮೊಬೈಲ್ ಕಾಲಿಟ್ಟದ್ದು 1995ರ ಜುಲೈ 31ರಂದು. ಆಗ ಹೊರಹೋಗುವ ಕರೆಗೆ ಮಾತ್ರವಲ್ಲ, ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಮಾತಾಡುವುದಕ್ಕಿಂತ ಸಂದೇಶ ಅಗ್ಗ ಎಂದು ವಿದ್ಯಾರ್ಥಿಗಳು ಕಂಡುಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ.

ಕನ್ನಡಕ್ಕೆ ಸಿಕ್ಕಿದ್ದು ಎಪ್ಪತ್ತು

ಇಲ್ಲಿ ಕನ್ನಡದ ಪಾಡು ಬೇರೆಯೇ. 160ರ ಲೆಕ್ಕ ರೋಮನ್ ಲಿಪಿಗೆ ಹಾಕಿದ್ದು. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಸಂದೇಶ ಬರೆದರೆ ಅದೇ ಜಾಗದಲ್ಲಿ 70 ಸಂಕೇತ ಮಾತ್ರ ಹಿಡಿಸುತ್ತವೆ. ಅದರಲ್ಲೂ ಕಣ್ಣಿಗೆ ಒಂದಾಗಿ ಕಾಣುವ ಕನ್ನಡದ ಅಕ್ಷರ ಕಂಪ್ಯೂಟರಿಗೆ ಒಂದಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ‘ಸ’, ಅರ್ಧಾಕ್ಷರದ ಚಿಹ್ನೆ, ‘ತ’, ಮತ್ತೆ ಅದೇ ಚಿಹ್ನೆ, ‘ರ’, ಕೊನೆಗೆ ದೀರ್ಘ ಎಂದು ಆರು ಸಂಕೇತ ಬೇಕು. ‘ನಾಳೆ ಬೆಳಿಗ್ಗೆ ಊರಿಗೆ ಬರುತ್ತೇನೆ’ ಎಂಬ ನಾಲ್ಕು ಪದದ ಸಂದೇಶ 29 ಸಂಕೇತಗಳನ್ನು ನುಂಗುತ್ತದೆ. ಆರಂಭದ ಫೋನುಗಳಲ್ಲಂತೂ ಕನ್ನಡ ಮೂಡುತ್ತಲೇ ಇರಲಿಲ್ಲ. ಹೀಗಾಗಿ ಕನ್ನಡಿಗರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಸ್ವರ ಕಿತ್ತು ಬರೆಯಲು ಶುರುವಿಟ್ಟರು. ಫೋನಿನಲ್ಲಿ ಕನ್ನಡ ಕೀಲಿಮಣೆ ಬಂದು ಎಷ್ಟೋ ಕಾಲವಾದರೂ ಆ ಅಭ್ಯಾಸ ಅನೇಕರ ಬೆರಳಿನಿಂದ ಹೋಗಿಲ್ಲ.

ವಿಚಿತ್ರವೆಂದರೆ, ಸಂಕ್ಷೇಪದ ಕಲೆಯಲ್ಲಿ ಕನ್ನಡ ಯಾರಿಗೂ ಹಿಂದೆ ಬಿದ್ದಿರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ‘ಚಿ.’ ಎಂದರೆ ಚಿರಂಜೀವಿ, ‘ಸೌ.’ ಎಂದರೆ ಸೌಭಾಗ್ಯವತಿ. ಹಳೆಯ ಪತ್ರಗಳ ‘ರಾ. ರಾ.’ ಎಂದರೆ ರಾಜಮಾನ್ಯ ರಾಜಶ್ರೀ. ‘ವೇ. ಮೂ.’ ಎಂದರೆ ವೇದಮೂರ್ತಿ. ಹೆಸರಿನ ಹಿಂದೆ ‘ದಿ.’, ‘ಲಿಂ.’, ‘ಕೈ.’ ಎಂದು ಒಂದಕ್ಷರ ಕಂಡರೆ ಆ ವ್ಯಕ್ತಿ ಇಲ್ಲವಾದದ್ದೂ, ಯಾವ ಸಂಪ್ರದಾಯದ ಮನೆಯವರೆಂಬುದೂ ತಿಳಿಯುತ್ತಿತ್ತು.

ಕನ್ನಡದ ಸಂಕ್ಷೇಪಕ್ಕೆ ಇನ್ನೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಮೊದಲಕ್ಷರ ತೆಗೆದರೆ ಬರಿಯ ವ್ಯಂಜನ ಉಳಿಯುವುದೇ ಹೆಚ್ಚು. ಅದನ್ನು ಬಿಡಿಬಿಡಿಯಾಗಿ ಹೆಸರಿಸಬೇಕು. ಕನ್ನಡದ ಅಕ್ಷರದಲ್ಲಿ ಸ್ವರ ಸೇರಿಕೊಂಡೇ ಇರುವುದರಿಂದ ಮೊದಲಕ್ಷರಗಳನ್ನು ಜೋಡಿಸಿದರೆ ತಾನಾಗಿ ಒಂದು ಪದವಾಗುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ‘ಕುವೆಂಪು’ ಆದದ್ದು ಹೀಗೆ. ‘ಅನಕೃ’, ‘ತರಾಸು’, ‘ಪುತಿನ’, ‘ತೀನಂಶ್ರೀ’ ಎಲ್ಲರದೂ ಇದೇ ದಾರಿ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ‘ಕಸಾಪ’ ಆಯಿತು. ಡಿ.ವಿ. ಗುಂಡಪ್ಪನವರು ಮಾತ್ರ ಇಂಗ್ಲಿಷ್ ದಾರಿ ಹಿಡಿದು ‘ಡಿ.ವಿ.ಜಿ.’ ಎಂದು ಹೆಸರಾದರು. ಎರಡು ದಾರಿಯೂ ಕನ್ನಡಕ್ಕೆ ಒಗ್ಗಿದ್ದವು.

ಮೊಬೈಲ್ ಬಂದಾಗ ಗೆದ್ದದ್ದು ಎರಡನೆಯ ದಾರಿ. ಬೆಂಗಳೂರಿನ ಕ್ರಿಕೆಟ್ ತಂಡದ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಎಂಬ ಕೂಗನ್ನೇ ನೋಡಿ. ಅಂತರ್ಜಾಲದಲ್ಲಿ ಅದು ‘ಇಎಸ್‌ಸಿಎನ್’ ಎಂಬ ನಾಲ್ಕು ರೋಮನ್ ಅಕ್ಷರವಾಗಿ, ಕನ್ನಡ ಬಾರದವರ ಬಾಯಿಗೂ ಬಿತ್ತು. ತಂಡ ಸೋತ ವರ್ಷಗಳಲ್ಲಿ ಎದುರಾಳಿಗಳು ಅದೇ ನಾಲ್ಕು ಅಕ್ಷರ ಬರೆದು ಕೆಣಕಿದರು. 2025ರ ಜೂನ್ 3ರಂದು ತಂಡ ಗೆದ್ದಾಗ ಅವೇ ಅಕ್ಷರಗಳು ಸಂಭ್ರಮವಾದವು. ಕುವೆಂಪು ಮಾದರಿಯಲ್ಲಿ ಬರೆದಿದ್ದರೆ ಅದು ‘ಈಸಕನ’ ಎಂದಾಗಬೇಕಿತ್ತು.

ನಗುವಿಗೂ ಲಿಪಿಯುಂಟು

ನಗುವನ್ನು ಬರೆಯುವ ಬಗೆಯಲ್ಲಿ ದೇಶದೇಶಕ್ಕೂ ವ್ಯತ್ಯಾಸವಿದೆ. ಫ್ರೆಂಚರು ‘ಎಂಡಿಆರ್’ ಎಂದು ಬರೆಯುತ್ತಾರೆ. ನಕ್ಕು ನಕ್ಕು ಸತ್ತೆ ಎಂದು ಅದರ ಅರ್ಥ. ಥಾಯ್ ಭಾಷೆಯಲ್ಲಿ ಐದನ್ನು ‘ಹಾ’ ಎನ್ನುವುದರಿಂದ ಅವರು ‘555’ ಎಂದು ಬರೆದು ನಗುತ್ತಾರೆ. ಬ್ರೆಜಿಲ್‌ನವರು ‘ಕೆ’ ಅಕ್ಷರವನ್ನು ಸಾಲಾಗಿ ಬರೆದರೆ, ಜಪಾನೀಯರು ನಗು ಎಂಬರ್ಥದ ‘ವರಾಯ್’ ಪದದಿಂದ ರೋಮನ್ ‘ಡಬ್ಲ್ಯು’ವನ್ನು ಎತ್ತಿಕೊಂಡರು. ಸಾಲಾಗಿ ಬರೆದಾಗ ಅದು ಗರಿಕೆಯಂತೆ ಕಾಣುವುದರಿಂದ ಈಗ ‘ಹುಲ್ಲು’ ಎಂಬರ್ಥದ ಅಕ್ಷರ ಬರೆದರೂ ಅಲ್ಲಿ ನಗುವೇ. ಚೀನಾದಲ್ಲಿ ‘88’ ಎಂದರೆ ‘ಬೈ ಬೈ’, ಏಕೆಂದರೆ ಅಲ್ಲಿ ಎಂಟರ ಉಚ್ಚಾರ ‘ಬಾ’. ತಂತಿ ಗುಮಾಸ್ತರಿಗೆ ಮುತ್ತಾಗಿದ್ದ ಅಂಕಿ ಚೀನೀಯರಿಗೆ ಬೀಳ್ಕೊಡುಗೆ. ಕನ್ನಡದ ‘ಹಹಹ’ಕ್ಕೆ ಮಾತ್ರ ಅರ್ಥಕೋಶ ಬೇಡ.

ಖರ್ಚು ಹೋಯಿತು, ಚಾಳಿ ಉಳಿಯಿತು

ಇಂದು ಸಂದೇಶಕ್ಕೆ ಅಕ್ಷರದ ಮಿತಿ ಹೆಚ್ಚುಕಡಿಮೆ ಇಲ್ಲ. ಪದಕ್ಕೆ ಬೆಲೆಯೂ ಇಲ್ಲ. 140 ಅಕ್ಷರಗಳ ಬಿಗಿಗೆ ಹೆಸರಾಗಿದ್ದ ಟ್ವಿಟರ್ 2017ರಲ್ಲಿ ಅದನ್ನು 280ಕ್ಕೆ ಏರಿಸಿತು. ಕೀಲಿಮಣೆಯೇ ಮುಂದಿನ ಪದವನ್ನು ಊಹಿಸಿ ಕೊಡುತ್ತದೆ. ಹಾಗಿದ್ದೂ ಸಂಕ್ಷೇಪಗಳೇಕೆ ಉಳಿದವು?

ಅಮೆರಿಕದ ಭಾಷಾಶಾಸ್ತ್ರಜ್ಞ ಜಾನ್ ಮೆಕ್‌ವರ್ಟರ್ 2013ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ‘ಎಲ್‌ಓಎಲ್’ ಎಂದು ಬರೆಯುವವರು ಈಗ ನಗುತ್ತಿರುವುದಿಲ್ಲ. ‘ನಿನ್ನ ಮಾತು ನನಗೆ ಅರ್ಥವಾಯಿತು, ನಾವಿಬ್ಬರೂ ಒಂದೇ ಕಡೆ ಇದ್ದೇವೆ’ ಎಂದು ತಿಳಿಸುವ ಅವ್ಯಯದಂತೆ ಅದನ್ನು ಬಳಸುತ್ತಾರೆ ಎಂಬುದು ಅವರ ವಾದದ ಸಾರ. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಬೇಗ ಬಾ ಮಾರಾಯ’ ಎನ್ನುವಾಗ ‘ಮಹಾರಾಯ’ ಎಂಬ ಮೂಲದ ಮಾತಿನಲ್ಲಿ ಯಾವ ದೊರೆಯೂ ಉಳಿದಿಲ್ಲ. ‘ಹೌದು ಕಣೋ’ ಎನ್ನುವಾಗ ‘ಕಾಣು’ ಎಂಬ ಕ್ರಿಯೆ ಕಾಣಿಸದು. ಅವುಗಳನ್ನು ತೆಗೆದುಹಾಕಿದರೆ ವಾಕ್ಯದ ಅರ್ಥ ಬದಲಾಗುವುದಿಲ್ಲ; ಆದರೆ ಸಲಿಗೆ ಮಾಯವಾಗಿ ಮಾತು ಒರಟಾಗುತ್ತದೆ. ಮೂರಕ್ಷರದ ನಗೆಗೂ ಈಗ ಇಂಥದೇ ಉದ್ಯೋಗ.

ಇದರಿಂದಲೇ ಸಂಕ್ಷೇಪಗಳು ಬಳಗದ ಗುರುತೂ ಆಗುತ್ತವೆ. ಗೊತ್ತಿರುವವರು ಒಳಗಿನವರು, ಕೇಳುವವರು ಹೊರಗಿನವರು. ದೊಡ್ಡವರು ಕಲಿತ ಕೂಡಲೇ ಹುಡುಗರು ಹೊಸದನ್ನು ಹುಡುಕಿಕೊಳ್ಳುವುದರ ಗುಟ್ಟು ಇದು.

ಮಕ್ಕಳ ಕಾಗುಣಿತದ ಚಿಂತೆ

ಇಂಥ ಬರವಣಿಗೆಯಿಂದ ಮಕ್ಕಳ ಭಾಷೆ ಕೆಡುವುದೆಂಬ ಆತಂಕ ಎಲ್ಲ ಕಡೆ ಇದೆ. 2006ರಲ್ಲಿ ನ್ಯೂಜಿಲೆಂಡಿನ ಪರೀಕ್ಷಾ ಪ್ರಾಧಿಕಾರ, ವಿಷಯ ತಿಳಿದಿದೆ ಎಂಬುದು ಸ್ಪಷ್ಟವಿದ್ದರೆ ಉತ್ತರದಲ್ಲಿ ಸಂಕ್ಷೇಪವಿದ್ದರೂ ಅಂಕ ಸಿಗಬಹುದು ಎಂದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು. ಆದರೆ ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಡೇವಿಡ್ ಕ್ರಿಸ್ಟಲ್ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಭಯ ಅತಿಯಾದದ್ದು ಎಂದು ವಾದಿಸಿದರು. ಅವರು ಎತ್ತಿ ತೋರಿದ ನಾರ್ವೆಯ ಅಧ್ಯಯನದ ಪ್ರಕಾರ ಸಂದೇಶಗಳಲ್ಲಿ ಸಂಕ್ಷೇಪ ಬಳಸಿದವು ಶೇಕಡ 6ರಷ್ಟು ಮಾತ್ರ. ಬ್ರಿಟನ್ನಿನ ಕೊವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕರು 10ರಿಂದ 12 ವರ್ಷದ ಮಕ್ಕಳನ್ನು ಪರೀಕ್ಷಿಸಿ, ಸಂಕ್ಷೇಪ ಹೆಚ್ಚು ಬಳಸುವ ಮಕ್ಕಳು ಓದಿನಲ್ಲಿ ಹಿಂದಿಲ್ಲ, ಬದಲಿಗೆ ಮುಂದಿದ್ದಾರೆ ಎಂದು ಕಂಡರು. ಅಕ್ಷರದ ಧ್ವನಿ ಚೆನ್ನಾಗಿ ಗೊತ್ತಿದ್ದರೆ ಮಾತ್ರ ಅದರೊಡನೆ ಆಟವಾಡಲು ಸಾಧ್ಯ.

ಈ ಸಮಾಧಾನವನ್ನು ಹಾಗೆಯೇ ಇಲ್ಲಿಗೆ ತಂದುಕೊಳ್ಳುವಂತಿಲ್ಲ. ಅವು ಇಂಗ್ಲಿಷನ್ನು ಸುತ್ತಮುತ್ತ ಕೇಳುತ್ತ ಬೆಳೆದ ಮಕ್ಕಳು. ಪೂರ್ಣರೂಪ ತಿಳಿದ ಮೇಲೆ ಸಂಕ್ಷೇಪ ಕಲಿತವರು. ಕನ್ನಡ ಶಾಲೆಯ ಮಗು ‘ಬಿಟಿಡಬ್ಲ್ಯು’ವನ್ನು ಮೊದಲು ನೋಡಿ, ‘ಬೈ ದ ವೇ’ಯನ್ನು ಆಮೇಲೆ ನೋಡಬಹುದು, ನೋಡದೆಯೂ ಇರಬಹುದು. ಗಂಟು ಸಿಕ್ಕಿ ಒಳಗಿನ ವಸ್ತು ಸಿಗದೇ ಹೋಗುವ ಅಪಾಯ ಆ ಮಗುವಿಗೇ ಹೆಚ್ಚು.

ಎಡವುವ ಜಾಗಗಳು

ಸಂಕ್ಷೇಪ ಎಡವುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು ದುಃಖದ ಮನೆ. ‘ಆರ್‌ಐಪಿ’ ಎಂಬುದು ಕ್ರೈಸ್ತ ಸಮಾಧಿಗಳ ಮೇಲಿನ, ಶಾಂತಿಯಿಂದ ವಿಶ್ರಮಿಸಲಿ ಎಂಬರ್ಥದ ಲ್ಯಾಟಿನ್ ಪ್ರಾರ್ಥನೆ. ಅದರ ಇಂಗ್ಲಿಷ್ ರೂಪಕ್ಕೂ ಅವೇ ಮೂರು ಮೊದಲಕ್ಷರ ಹೊಂದಿದ್ದರಿಂದ ಬಳಕೆ ಸುಲಭವಾಯಿತು. ಕಲ್ಲಿನಲ್ಲಿ ಕೊರೆದ ಆ ಅಕ್ಷರಕ್ಕೆ ಕುಶಲಿಯ ಶ್ರಮವಿತ್ತು. ಕುಟುಂಬದ ವಾಟ್ಸ್‌ಆ್ಯಪ್ ಬಳಗದಲ್ಲಿ ಅಜ್ಜನ ಸಾವಿನ ಸುದ್ದಿಯ ಕೆಳಗೆ ಅದೇ ಮೂರಕ್ಷರ ಸಾಲಾಗಿ ಬೀಳುವಾಗ ಮನೆಯವರಿಗೆ ಕಾಣುವುದು ಬರೆದವರ ಅವಸರ. ‘ಓಕೆ’ ಎಂಬುದನ್ನೂ ಮೊಟಕಿಸಿ ‘ಕೆ’ ಎಂದಷ್ಟೇ ಉತ್ತರಿಸಿದರೆ ಸಿಟ್ಟು ಎಂದು ಭಾವಿಸುವವರಿದ್ದಾರೆ. ಅಕ್ಷರ ಉಳಿಸಲು ಕಾರಣವೇ ಇಲ್ಲದ ಕಾಲದಲ್ಲಿ ಉಳಿಸಿದ ಅಕ್ಷರವೂ ಒಂದು ಮಾತಾಗುತ್ತದೆ.

ಎರಡನೆಯದು, ಒಂದೇ ಗಂಟಿನಲ್ಲಿ ಎರಡು ಅರ್ಥ ಸೇರುವುದು. ಜಾಗತಿಕ ಟೇಕ್ವಾಂಡೋ ಒಕ್ಕೂಟದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ‘ಡಬ್ಲ್ಯುಟಿಎಫ್’. ಅಂತರ್ಜಾಲದಲ್ಲಿ ಅದು ಅಸಭ್ಯ ಉದ್ಗಾರವಾಗಿ ಹರಡಿದ್ದರಿಂದ 2017ರಲ್ಲಿ ಆ ಒಕ್ಕೂಟ ತನ್ನ ಹೆಸರನ್ನೇ ಬದಲಿಸಿಕೊಂಡು ‘ವರ್ಲ್ಡ್ ಟೇಕ್ವಾಂಡೋ’ ಆಯಿತು.

ಮೂರನೆಯದು ಜೇಬಿಗೆ ಸಂಬಂಧಿಸಿದ್ದು. ಇಂದು ಹಳ್ಳಿಯ ಫೋನಿಗೂ ‘ಒಟಿಪಿ’, ‘ಕೆವೈಸಿ’, ‘ಯುಪಿಐ’ ಎಂಬ ಅಕ್ಷರಗಳು ಬರುತ್ತವೆ. ‘ಒಟಿಪಿ’ ಎಂದರೆ ‘ಒನ್ ಟೈಮ್ ಪಾಸ್‌ವರ್ಡ್’, ಒಂದೇ ಸಲ ಬೀಗ ತೆಗೆಯುವ ಕೈ. ಇದನ್ನು ಹೀಗೆ ಬಿಡಿಸಿ ತಿಳಿದವರು ಬೀಗದ ಕೈಯನ್ನು ಅಪರಿಚಿತರಿಗೆ ಕೊಡಲು ಅಳುಕುತ್ತಾರೆ. ಬರಿಯ ಆರಂಕಿ ನಂಬರೆಂದು ತಿಳಿದವರು ಫೋನಿನಲ್ಲಿ ಓದಿ ಹೇಳಿಬಿಡುತ್ತಾರೆ. ‘ಕೆವೈಸಿ’ಯ ಪೂರ್ಣರೂಪ ‘ನೋ ಯುವರ್ ಕಸ್ಟಮರ್’, ನಿಮ್ಮ ಗ್ರಾಹಕರನ್ನು ಅರಿಯಿರಿ ಎಂದು. ಅದು ಬ್ಯಾಂಕಿಗೆ ಹೇಳಿದ ಮಾತೇ ಹೊರತು ಗ್ರಾಹಕರಿಗೆ ಹಾಕಿದ ಬೆದರಿಕೆಯಲ್ಲ. ‘ಕೆವೈಸಿ ಮುಗಿದಿದೆ, ಖಾತೆ ಬಂದಾಗುತ್ತದೆ’ ಎಂದು ಹೆದರಿಸುವ ವಂಚಕರು ಬಂಡವಾಳ ಮಾಡಿಕೊಂಡಿರುವುದು ಈ ಅಜ್ಞಾನವನ್ನೇ. ಹಣ ಹೋದದ್ದು ತಿಳಿದ ಕೂಡಲೇ ದೂರು ಕೊಡಬೇಕಾದ ರಾಷ್ಟ್ರೀಯ ಸಹಾಯವಾಣಿ 1930.

ತಂತಿ ಕಚೇರಿ ಅಂಕಿಯನ್ನು ವಾಕ್ಯವಾಗಿ ಬಿಡಿಸಿ ಮನೆಗೆ ತಲುಪಿಸುತ್ತಿತ್ತು. ಇಂದಿನ ಸಂದೇಶದಲ್ಲಿ ಆ ಗುಮಾಸ್ತ ಇಲ್ಲ. ಹೀಗಾಗಿ ಆ ಕೆಲಸ ಬರೆಯುವವರ ಮೇಲೆಯೇ ಬೀಳುತ್ತದೆ. ಗೆಳೆಯರೊಡನೆ ಎಷ್ಟು ಗಂಟು ಕಟ್ಟಿದರೂ ನಷ್ಟವಿಲ್ಲ. ಅಲ್ಲಿ ಗಂಟೇ ಸಲಿಗೆ. ಹಿರಿಯರಿಗೆ, ದುಃಖದಲ್ಲಿರುವವರಿಗೆ, ಹಣದ ವಿಷಯಕ್ಕೆ ಬರೆಯುವಾಗ ಬಿಡಿಸಿ ಬರೆದರೆ ಹೋಗುವುದು ಅರ್ಧ ನಿಮಿಷ. ಬ್ಯಾಂಕು, ಸರ್ಕಾರಿ ಕಚೇರಿಗಳು ತಮ್ಮ ಸಂದೇಶಗಳಲ್ಲಿ ಪೂರ್ಣರೂಪವನ್ನು ಕನ್ನಡದಲ್ಲಿ ಕೊಟ್ಟರೆ ಎಷ್ಟೋ ಮನೆಗಳ ಉಳಿತಾಯ ಉಳಿದೀತು. ಓದುವವರೂ ತಿಳಿಯದ್ದನ್ನು ‘ಹಾಗೆಂದರೇನು?’ ಎಂದು ಕೇಳಲು ನಾಚಬೇಕಿಲ್ಲ. ಬ್ರಿಟನ್ನಿನ ಪ್ರಧಾನಿಗೂ ಯಾರೋ ಒಬ್ಬರು ಹೇಳಿಕೊಡಬೇಕಾಯಿತು.

ಕೆಲವು ಸಂಕ್ಷೇಪಗಳು: ಬಿಡಿಸಿದಾಗ

ಎಎಫ್‌ಕೆ: ಅವೇ ಫ್ರಮ್ ಕೀಬೋರ್ಡ್. ಈಗ ಕಂಪ್ಯೂಟರಿನ ಮುಂದಿಲ್ಲ.

ಬಿಆರ್‌ಬಿ: ಬಿ ರೈಟ್ ಬ್ಯಾಕ್. ಈಗ ಬಂದೆ.

ಬಿಟಿಡಬ್ಲ್ಯು: ಬೈ ದ ವೇ. ಅಂದಹಾಗೆ.

ಎಫ್‌ವೈಐ: ಫಾರ್ ಯುವರ್ ಇನ್ಫರ್ಮೇಶನ್. ನಿಮ್ಮ ಗಮನಕ್ಕೆ.

ಐಎಂಎಚ್‌ಓ: ಇನ್ ಮೈ ಹಂಬಲ್ ಒಪಿನಿಯನ್. ನನ್ನ ಅಲ್ಪಮತಿಗೆ ತೋಚಿದಂತೆ. ವಿನಯಕ್ಕಿಂತ ವಾದಕ್ಕೇ ಬಳಕೆ ಹೆಚ್ಚು.

ಆರ್‌ಓಎಫ್‌ಎಲ್: ರೋಲಿಂಗ್ ಆನ್ ದ ಫ್ಲೋರ್ ಲಾಫಿಂಗ್. ಬಿದ್ದು ಬಿದ್ದು ನಗುತ್ತಿದ್ದೇನೆ.

ಎಸ್‌ಎಂಎಚ್: ಶೇಕಿಂಗ್ ಮೈ ಹೆಡ್. ಬೇಸರದಿಂದ, ಇದೇನಪ್ಪಾ ಎಂದು ತಲೆಯಾಡಿಸುವುದು.

ಟಿಬಿಎಚ್: ಟು ಬಿ ಆನೆಸ್ಟ್. ನಿಜ ಹೇಳಬೇಕೆಂದರೆ.

ಟಿಟಿವೈಎಲ್: ಟಾಕ್ ಟು ಯು ಲೇಟರ್. ಆಮೇಲೆ ಮಾತಾಡೋಣ.

ಫೋಮೋ: ಫಿಯರ್ ಆಫ್ ಮಿಸ್ಸಿಂಗ್ ಔಟ್. ಎಲ್ಲರಿಗೂ ಸಿಕ್ಕಿ ತನಗೆ ಮಾತ್ರ ತಪ್ಪಿಹೋದೀತೆಂಬ ಕಳವಳ.

ಟಿಎಲ್‌ಡಿಆರ್: ಟೂ ಲಾಂಗ್, ಡಿಡಂಟ್ ರೀಡ್. ಉದ್ದವಾಯಿತು, ಓದಲಿಲ್ಲ. ಉದ್ದ ಬರಹದ ಸಾರಾಂಶಕ್ಕೂ ಈಗ ಇದೇ ಹೆಸರು.